ಹಿಂದೆ ನಿಂತವನ ಲೆಕ್ಕ

ನಮಸ್ಕಾರ್ರಿ. ರೊಟ್ಟಿ ಊಟ ಮುಗಿಸಿ ಅಂಗಳದಲ್ಲಿ ಕೂತಿದ್ದರೆ ಹಾಗೇ ಕೂತಿರಿ. ಇವತ್ತಿನ ಮಾತು ಫುಟ್‌ಬಾಲಿನದು. ಕ್ರಿಕೆಟ್ ಅಲ್ಲ ಅಂತ ರೇಡಿಯೋ ಬಂದ್ ಮಾಡಬೇಡಿ, ಹದಿನೈದು ನಿಮಿಷ ಅಷ್ಟೇ.

ನಾನು ಬೆಳೆದದ್ದು ವಾಡಿಯಲ್ಲಿ. ಒಂದು ಕಡೆ ರೈಲ್ವೆ ಜಂಕ್ಷನ್, ಇನ್ನೊಂದು ಕಡೆ ಸಿಮೆಂಟ್ ಫ್ಯಾಕ್ಟರಿ, ನಡುವೆ ನಮ್ಮ ಮೈದಾನ. ಮೈದಾನ ಅಂದರೆ ಹುಲ್ಲು ಅಂದುಕೊಳ್ಳಬೇಡಿ. ಫರಸಿ ಕಲ್ಲಿನ ಚೂರು, ಜಾಲಿ ಮುಳ್ಳು, ಮಳೆ ಬಂದರೆ ಎರಡು ಕಿಲೋ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಬರುತ್ತಿತ್ತು. ಟೀಮ್ ಮಾಡುವಾಗ ಛಲೋ ಆಡುವವರು ಮುಂದೆ, ಚೆಂಡು ಯಾರ ಮನೆಯದೋ ಅವನು ನಡುವೆ, ಗೋಲಿಗೆ ಯಾರದೋ ಮನೆಯ ಸಣ್ಣ ತಮ್ಮ. ಉಳಿದವರು ಬ್ಯಾಕ್. 'ಏ, ನೀ ಹಿಂದ ನಿಂದ್ರು' ಅಂದರೆ ಮುಗೀತು. ಅದು ಜಾಗ ಕೊಟ್ಟದ್ದಲ್ಲ, ಜಾಗ ಇಲ್ಲ ಅಂತ ಹೇಳಿದ್ದು.

ನಾನು ಸ್ಕೂಲು, ಕಾಲೇಜು ಪೂರ್ತಿ ಹಿಂದೆಯೇ ನಿಂತೆ. ಎಷ್ಟು ಚೆಂಡು ತಡೆದೆನೋ ನನಗೂ ನೆನಪಿಲ್ಲ, ಯಾರಿಗೂ ನೆನಪಿಲ್ಲ. ಆದರೆ ಒಮ್ಮೆ ಶಹಾಬಾದಿನ ಹುಡುಗರ ಜೊತೆ ಮ್ಯಾಚು, ಇನ್ನೇನು ಸೀಟಿ ಊದಬೇಕು, ಕಾರ್ನರ್‌ನಿಂದ ಬಂದ ಚೆಂಡು ನನ್ನ ಮೊಣಕಾಲಿಗೆ ಬಡಿದು ನಮ್ಮದೇ ಗೋಲಿನೊಳಗೆ ಹೋಯಿತು. ಇದು ಮೂವತ್ತು ವರ್ಷದ ಹಿಂದಿನ ಮಾತು. ಹೋದ ವರ್ಷ ಚಿತ್ತಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತ ಒಬ್ಬ ಬೋಳುತಲೆಯ ಮನುಷ್ಯ ನನ್ನನ್ನೇ ನೋಡಿ ನೋಡಿ ಕೊನೆಗೆ 'ನೀವು ಸೆಲ್ಫ್ ಗೋಲ್ ಅಲ್ರೀ?' ಅಂದ. ಹೆಸರು ಮರೆತಿದ್ದಾನೆ, ಗೋಲು ಮರೆತಿಲ್ಲ. ಏನು ಹೇಳಬೇಕು? ಹೌದ್ರಿ, ನಾನೇ ಅಂದೆ. ಹೋಳಿಗೆ ತಿಂದೆ.

ಹಾಗಾಗಿ ಡಿಫೆಂಡರ್‌ಗಳ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಭಾರತ ತಂಡದಲ್ಲಿ ಹಿಂದೆ ನಿಂತು ಗೋಲು ತಡೆದ ಡಿಫೆಂಡರ್ ಸಂದೇಶ್ ಝಿಂಗನ್ ಬಗ್ಗೆ. 1993ರಲ್ಲಿ ಚಂಡೀಗಢದಲ್ಲಿ ಹುಟ್ಟಿದವರು, ಆರಡಿ ಮೇಲೆ ಎತ್ತರ, ದೊಡ್ಡ ಗಡ್ಡ, ನೆತ್ತಿಯ ಮೇಲೆ ಜುಟ್ಟು. ಟೀವಿಯಲ್ಲಿ ನೋಡಿದವರಿಗೆ ಗುರುತು ಸಿಗುತ್ತದೆ.

ಶುರು ಆದದ್ದು ಯುನೈಟೆಡ್ ಸಿಕ್ಕಿಂ ಅನ್ನೋ ಕ್ಲಬ್ಬಿನಲ್ಲಿ. ಅಲ್ಲಿ ಬೈಚುಂಗ್ ಭುಟಿಯಾ, ರೆನೆಡಿ ಸಿಂಗ್‌ನಂಥ ದೊಡ್ಡವರ ಜೊತೆ ಆಡಿದರು. ಆ ಕ್ಲಬ್ಬು ಜಾಸ್ತಿ ದಿನ ಬಾಳಲಿಲ್ಲ. 2014ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಶುರುವಾದಾಗ ಕೇರಳ ಬ್ಲಾಸ್ಟರ್ಸ್ ಸೇರಿದರು, ಮೊದಲ ವರ್ಷವೇ ಹೊಸ ಪ್ರತಿಭೆ ಅನ್ನುವ ಬಹುಮಾನ ಬಂತು. ಪಕ್ಕದಲ್ಲಿ ಆಡುತ್ತಿದ್ದವರು ಫ್ರಾನ್ಸಿನ ಸೆಡ್ರಿಕ್ ಹೆಂಗ್‌ಬಾರ್ಟ್, ಆಮೇಲೆ 2016ರಲ್ಲಿ ಉತ್ತರ ಐರ್ಲೆಂಡಿನ ಆರನ್ ಹ್ಯೂಸ್. ಹ್ಯೂಸ್ ತನ್ನ ದೇಶಕ್ಕೆ ನೂರಕ್ಕೂ ಹೆಚ್ಚು ಮ್ಯಾಚ್ ಆಡಿದ ಮನುಷ್ಯ. ಇಂಥವರ ಬಗಲಿಗೆ ನಿಂತು ಆಡುವುದು ಅಂದರೆ ಕೋಚಿಂಗ್ ಕ್ಲಾಸಿಗಿಂತ ಮೇಲು. ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಸುಮ್ನೆ ನಿಂತು ಕಾಯಬೇಕು, ಇದು ಪುಸ್ತಕದಲ್ಲಿ ಸಿಗುವುದಿಲ್ಲ, ಪಕ್ಕದವನ ಬೈಗುಳದಲ್ಲಿ ಸಿಗುತ್ತದೆ. ಆ ಕ್ಲಬ್ಬಿಗೆ ಕ್ಯಾಪ್ಟನ್ ಆದರು, ಲೀಗಿನಲ್ಲಿ 76 ಮ್ಯಾಚ್ ಆಡಿದರು. 2020ರಲ್ಲಿ ಬಿಟ್ಟು ಹೋಗುವಾಗ ಅವರ 21ನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಕ್ಲಬ್ಬು ಹೇಳಿತು.

ಈಗ ಕಪ್ಪಿನ ಲೆಕ್ಕ ನೋಡಿ. 2014ರ ಐಎಸ್‌ಎಲ್ ಫೈನಲ್, ಎದುರು ಕೋಲ್ಕತ್ತ. ತೊಂಬತ್ತು ನಿಮಿಷ ಗೋಲಿಲ್ಲ, ಹೆಚ್ಚುವರಿ ಕೊಟ್ಟ ನಿಮಿಷಗಳಲ್ಲಿ ಒಂದು ಗೋಲು, ಸೋಲು. 2016ರಲ್ಲಿ ಕೊಚ್ಚಿಯಲ್ಲಿ, ಮನೆಯ ಜನರ ಮುಂದೆ, ಮತ್ತೆ ಅದೇ ಕೋಲ್ಕತ್ತ, ಪೆನಾಲ್ಟಿಯಲ್ಲಿ ಸೋಲು. ಸರಿ, ಸೋಲಿಸಿದವರ ಕಡೆಗೇ ಹೋಗೋಣ ಅಂದಹಾಗೆ 2020ರಲ್ಲಿ ಎಟಿಕೆ ಮೋಹನ್ ಬಗಾನ್ ಸೇರಿದರು, ಅದೇ ಕೋಲ್ಕತ್ತ ಟೀಮು ಮೋಹನ್ ಬಗಾನ್ ಜೊತೆ ಕೂಡಿ ಆದದ್ದು. 2021ರ ಫೈನಲ್‌ನಲ್ಲಿ ತೊಂಬತ್ತನೇ ನಿಮಿಷಕ್ಕೆ ಮುಂಬೈ ಗೋಲು ಹೊಡೆಯಿತು. ಆಮೇಲೆ ನಮ್ಮ ಬೆಂಗಳೂರಿಗೆ ಬಂದರು. 2023ರ ಫೈನಲ್, ಎದುರಿಗೆ ಯಾರು? ಎಟಿಕೆ ಮೋಹನ್ ಬಗಾನ್! ಮತ್ತೆ ಪೆನಾಲ್ಟಿ, ಮತ್ತೆ ಸೋಲು. ನಾಲ್ಕು ಫೈನಲ್, ನಾಲ್ಕೂ ಸೋಲು. ನಮ್ಮ ಕಡೆ ಇಂಥವನನ್ನು ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೋಗಿ ಒಂದು ಕಾಯಿ ಒಡೆಸುತ್ತಿದ್ದರು. ಆದರೆ ಬೆಂಗಳೂರು ಅಂಗಿ ಅವರಿಗೆ ಆಗಿಬಂತು ಅನ್ನಬೇಕು. 2017ರಲ್ಲಿ ಸ್ವಲ್ಪ ದಿನದ ಮಟ್ಟಿಗೆ ಬಂದಿದ್ದಾಗ ಆ ಟೀಮು ಫೆಡರೇಷನ್ ಕಪ್ ಗೆದ್ದಿತ್ತು, 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು.

ಫೈನಲ್ ಸೋತರೆ ಮುಂದಿನವನಿಗೆ ಒಂದು ಸಮಾಧಾನ ಇರುತ್ತದೆ, ನಾನು ಈ ವರ್ಷ ಹದಿನೈದು ಗೋಲು ಹೊಡೆದಿದ್ದೇನೆ ಅಂತ ತೋರಿಸಬಹುದು. ಹಿಂದಿನವನು ಏನು ತೋರಿಸಬೇಕು? ಆಗದೇ ಇದ್ದ ಗೋಲುಗಳನ್ನು ಪಟ್ಟಿ ಮಾಡಲಿಕ್ಕೆ ಬರುತ್ತದೇನು?

ಈಗ ಪರದೇಶದ ಕತೆಗೆ ಬರುತ್ತೇನೆ, ನಾನು ಮಾತಾಡಬೇಕು ಅಂದುಕೊಂಡಿದ್ದೇ ಅದು.

2021ರ ಆಗಸ್ಟಿನಲ್ಲಿ ಝಿಂಗನ್ ಕ್ರೊಯೇಷಿಯಾಕ್ಕೆ ಹೋದರು. ಶಿಬೆನಿಕ್ ಅನ್ನುವ ಸಮುದ್ರ ದಂಡೆಯ ಊರು, ಅಲ್ಲಿನ ಕ್ಲಬ್ಬು ಆಗ ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಹತ್ತೇ ಟೀಮಿನ ಲೀಗು. ಕ್ರೊಯೇಷಿಯಾ ಅಂದರೆ ಎಷ್ಟು ದೊಡ್ಡ ದೇಶ ಅಂತೀರಿ? 2021ರ ಅವರ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನ. ನಮ್ಮ ಕಲಬುರಗಿ, ಬೀದರ್ ಎರಡೇ ಜಿಲ್ಲೆ ಕೂಡಿಸಿದರೆ 2011ರಲ್ಲೇ 42 ಲಕ್ಷ ದಾಟಿತ್ತು. ಅಷ್ಟು ಜನರ ದೇಶ 2018ರ ವಿಶ್ವಕಪ್ ಫೈನಲ್ ಆಡಿತು. ಈ ಲೆಕ್ಕ ಹಾಕಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಖರೇ ಹೇಳ್ತೀನಿ. ಅಂದಹಾಗೆ ಆ ಊರಿನಲ್ಲಿ ಒಂದು ಹಳೇ ಚರ್ಚ್ ಇದೆಯಂತೆ, ಚಾವಣಿ ಸಮೇತ ಪೂರ್ತಿ ಕಲ್ಲಿನದೇ, ಕಟ್ಟಲು ಶುರು ಮಾಡಿದ್ದು 1431ರಲ್ಲಿ. ಬಹಮನಿಗಳು ನಮ್ಮ ಕಲಬುರಗಿ ಬಿಟ್ಟು ಬೀದರಿಗೆ ಗಂಟುಮೂಟೆ ಕಟ್ಟಿದ್ದು ಹೆಚ್ಚುಕಮ್ಮಿ ಅದೇ ಕಾಲಕ್ಕೆ. ಫರಸಿ ಕಲ್ಲಿನ ನಾಡಿನವನಿಗೆ ಇಂಥ ಸುದ್ದಿ ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ ನೋಡಿ.

ಇರಲಿ. ಝಿಂಗನ್ ಹೋದರು, ಟ್ರೇನಿಂಗಿನಲ್ಲಿ ಪೆಟ್ಟಾಯಿತು, ಕೂತರು. ಲೀಗಿನಲ್ಲಿ ಒಂದೂ ಮ್ಯಾಚ್ ಆಡಲಿಲ್ಲ. 2022ರ ಜನವರಿಯಲ್ಲಿ ವಾಪಸ್ ಬಂದು ಹಳೇ ಕ್ಲಬ್ಬು ಎಟಿಕೆ ಮೋಹನ್ ಬಗಾನ್ ಸೇರಿದರು. ಅಷ್ಟೇ ಕತೆ. ದಾಖಲೆಯಲ್ಲಿ ಒಂದು ಸೊನ್ನೆ.

ಆ ವಾರ ನಾನು ದಾಲ್ ಮಿಲ್ಲಿನ ಹೊರಗೆ ಚಹಾ ಕುಡಿಯುವಾಗ ಜೊತೆಯವರು ನಗಾಡಿದರು. ಹೋದ ಸುಂಕವಿಲ್ಲ, ಬಂದ ಸುಂಕವಿಲ್ಲ ಅಂದ ಒಬ್ಬ. ನಮ್ಮೂರಿನಿಂದ ಮುಂಬೈ, ಪುಣೆಗೆ ದುಡಿಯಲು ಹೋಗಿ ಆರು ತಿಂಗಳಿಗೆ ವಾಪಸ್ ಬಂದವರನ್ನು ಮಾತಾಡಿಸುತ್ತಾರಲ್ಲ, ಅದೇ ದನಿ. 'ಯಾಕಪಾ, ಇಷ್ಟ ಲಗೂ ಬಂದಿ?' ಅನ್ನುವ ದನಿ. ಆ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಕಷ್ಟ ಅಂತ ನನ್ನ ದೊಡ್ಡಪ್ಪನ ಮಗನನ್ನು ನೋಡಿ ನನಗೆ ಗೊತ್ತು. ಅವನು ಭಿವಂಡಿಯಿಂದ ಕೈ ಮುರಿದುಕೊಂಡು ಬಂದಾಗ ಎರಡು ತಿಂಗಳು ಮನೆಯ ಹೊರಗೆ ಕಾಲಿಡಲಿಲ್ಲ.

ನಾನು ಅವತ್ತು ಚಹಾದಂಗಡಿಯಲ್ಲಿ ಒಂದೇ ಮಾತು ಹೇಳಿದೆ. ಇವರು ಅಲ್ಲಿ ಪೆಟ್ಟಾಗಿ ಮಲಗಿದ್ದ ಸೆಪ್ಟೆಂಬರಿನಲ್ಲಿ ಅವರ ಹಳೇ ಟೀಮು, ಅದೇ ಎಟಿಕೆ ಮೋಹನ್ ಬಗಾನ್, ಉಜ್ಬೇಕಿಸ್ತಾನಕ್ಕೆ ಹೋಗಿ ನಸಾಫ್ ಅನ್ನುವ ಕ್ಲಬ್ಬಿನ ಕೈಯಲ್ಲಿ 6-0 ಸೋತಿತ್ತು. ಆರು! ಝಿಂಗನ್ ಇದ್ದಿದ್ದರೆ ಗೆಲ್ಲುತ್ತಿದ್ದರು ಅಂತ ನಾನು ಹೇಳುವುದಿಲ್ಲ, ಮೂರು ಆಗುತ್ತಿತ್ತೇನೋ. ಆದರೆ ಆ ಇನ್ನೊಂದು ಮೂರನ್ನು ಯಾರ ಹೆಸರಿಗೂ ಬರೆಯುವುದಿಲ್ಲ, ಅದೇ ನನ್ನ ಸಿಟ್ಟು. ಸುಂಕದ ಮಾತಾಡಿದವನು ಚಹಾದ ದುಡ್ಡು ನೀನೇ ಕೊಡು ಅಂದ. ಕೊಟ್ಟೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು, ಬರೀ ಹೊಗಳಿದರೆ ಸರಿಯಾಗುವುದಿಲ್ಲ. ವಾಪಸ್ ಬಂದ ಮುಂದಿನ ತಿಂಗಳೇ ಕೇರಳದ ಜೊತೆ ಒಂದು ಮ್ಯಾಚ್ ಡ್ರಾ ಆಯಿತು, ಮುಗಿದ ಮೇಲೆ ಹೆಂಗಸರ ಜೊತೆ ಆಡಿ ಬಂದ ಹಾಗಾಯಿತು ಅನ್ನುವ ಅರ್ಥದ ಮಾತು ಇವರ ಬಾಯಿಂದ ಬಂತು. ಕೆಟ್ಟ ಮಾತು. ಬಾಲಾದೇವಿ ಅನ್ನುವ ನಮ್ಮ ಹೆಣ್ಣುಮಗಳು 2020ರಲ್ಲೇ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿಗೆ ಹೋಗಿ ಆಡಿದ್ದಳು, ಗೋಲೂ ಹೊಡೆದಿದ್ದಳು. ಝಿಂಗನ್ ಆಮೇಲೆ ಕ್ಷಮೆ ಕೇಳಿದರು. ಕೇಳಲೇಬೇಕಿತ್ತು. ಅವರನ್ನು ತಲೆ ಮೇಲೆ ಹೊತ್ತು ಕುಣಿದ ಕೇರಳದ ಜನ ಭಾರಿ ನೊಂದುಕೊಂಡರು, ಅದೂ ಸರಿಯೇ.

ದೇಹದ ಕತೆ ಇನ್ನೂ ಬೇರೆ. ಕ್ರೊಯೇಷಿಯಾಕ್ಕೆ ಮುಂಚೆಯೇ, 2019ರ ಸೆಪ್ಟೆಂಬರಿನಲ್ಲಿ ಭಾರತ ದೋಹಾದಲ್ಲಿ ಕತಾರ್ ಜೊತೆ 0-0 ಆಡಿತ್ತು. ಕತಾರ್ ಆಗ ಏಷ್ಯಾದ ಚಾಂಪಿಯನ್, ಅವರ ಮನೆಯಲ್ಲೇ ಗೋಲು ಬಿಡಲಿಲ್ಲ. ನನ್ನ ಪ್ರಕಾರ ಹಿಂದೆ ನಿಂತವರ ಹಬ್ಬ ಅದು. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಮೈಯೆಲ್ಲ ಕೈಯಾಗಿ ನಿಂತಿದ್ದರು, ಅವರ ಮುಂದೆ ಝಿಂಗನ್. ಅದಾಗಿ ಒಂದೇ ತಿಂಗಳಿಗೆ ಗುವಾಹಟಿಯಲ್ಲಿ ಸುಮ್ನೆ ಅಭ್ಯಾಸದ ಮ್ಯಾಚಿನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು, ಆ ಇಡೀ ಸೀಸನ್ ಹೋಯಿತು. ಮತ್ತೆ 2024ರ ಜನವರಿಯಲ್ಲಿ ಕತಾರಿನಲ್ಲಿ ಏಷ್ಯಾ ಕಪ್, ಭಾರತ ಮೂರೂ ಮ್ಯಾಚ್ ಸೋತಿತು, ಸಿರಿಯಾದ ಜೊತೆಗಿನ ಮೂರನೆಯದರಲ್ಲಿ ಮತ್ತೆ ಪೆಟ್ಟು. ಡಿಫೆಂಡರ್‌ನ ಕೆಲಸವೇ ಅಂಥದ್ದು. ಓಡಿ ಬರುವವನಿಗೆ ಎಲ್ಲಿ ತಿರುಗಬೇಕು ಅಂತ ಮೊದಲೇ ಗೊತ್ತಿರುತ್ತದೆ. ತಡೆಯುವವನಿಗೆ ಅದು ಅರ್ಧ ಸೆಕೆಂಡ್ ಆಮೇಲೆ ಗೊತ್ತಾಗುತ್ತದೆ, ಆಗ ಮೈ ಒಂದು ಕಡೆ ಹೋದರೆ ಮೊಣಕಾಲು ಇನ್ನೊಂದು ಕಡೆ.

ನಾನು ಅವರನ್ನು ಕಣ್ಣಾರೆ ನೋಡಿದ್ದು 2024ರ ನವೆಂಬರ್ 18ರಂದು, ಹೈದರಾಬಾದಿನ ಗಚ್ಚಿಬೌಲಿಯಲ್ಲಿ. ಭಾರತ, ಮಲೇಷ್ಯಾ. ಸಿರಿಯಾದ ಪೆಟ್ಟಿನ ನಂತರ ಹತ್ತು ತಿಂಗಳಾದ ಮೇಲೆ ಝಿಂಗನ್ ಮತ್ತೆ ದೇಶದ ಅಂಗಿ ಹಾಕಿದ ದಿನ. ಅಕ್ಕನ ಮಗನನ್ನು ಕರೆದುಕೊಂಡು ಹುಮನಾಬಾದ್, ಜಹೀರಾಬಾದ್ ಮೇಲೆ ಹೋದೆ. ದಾರಿಯಲ್ಲಿ ಅವನಿಗೆ ಹೇಳುತ್ತಾ ಹೋದೆ: ನೋಡು, 1956ರ ನವೆಂಬರ್ ತನಕ ಕಲಬುರಗಿ, ಬೀದರ್ ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಂದರೆ ಹೈದರಾಬಾದ್ ಪೊಲೀಸ್ ಟೀಮು 1950ರಿಂದ 54ರ ತನಕ ಸಾಲಾಗಿ ಐದು ಸಲ ರೋವರ್ಸ್ ಕಪ್ ಗೆದ್ದಾಗ ನಮ್ಮ ಅಜ್ಜಂದಿರ ಮಟ್ಟಿಗೆ ಅದು ನಮ್ಮದೇ ಪೊಲೀಸು. ಅವರ ಕೋಚ್ ರಹೀಮ್ ಸಾಹೇಬರೇ ಭಾರತಕ್ಕೂ ಕೋಚ್. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಜರ್ನೈಲ್ ಸಿಂಗ್ ಅನ್ನುವ ಡಿಫೆಂಡರ್‌ಗೆ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು, ಹಿಂದೆ ಬೇಡ ಮುಂದೆ ಆಡು ಅಂತ ರಹೀಮ್ ಸಾಹೇಬರು ಕಳಿಸಿದರು. ಆ ಮನುಷ್ಯ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಮೇಲೆ ಗೋಲು ಹೊಡೆದ, ಚಿನ್ನ ಬಂತು. ಹುಡುಗ ಫೋನ್ ನೋಡುತ್ತಾ 'ಹೂಂ ಮಾಮಾ' ಅಂದ.

ಮ್ಯಾಚ್ ಅಂಥಾ ಛಲೋ ಏನಿರಲಿಲ್ಲ. ಹತ್ತೊಂಬತ್ತನೇ ನಿಮಿಷಕ್ಕೆ ನಮ್ಮ ಗೋಲ್‌ಕೀಪರ್ ಮುಂದೆ ಬಂದು ತಪ್ಪಿದರು, ಮಲೇಷ್ಯಾದವರು ಖಾಲಿ ಗೋಲಿಗೆ ಹಾಕಿದರು. ಮೂವತ್ತೊಂಬತ್ತಕ್ಕೆ ಕಾರ್ನರ್ ಬಂತು, ರಾಹುಲ್ ಭೇಕೆ ತಲೆ ಕೊಟ್ಟರು, 1-1. ಭೇಕೆಯೂ ಡಿಫೆಂಡರೇ. ಅಷ್ಟಕ್ಕೇ ಮುಗಿಯಿತು. ಆದರೆ ನಾನು ಚೆಂಡು ನೋಡಲೇ ಇಲ್ಲ ಅನ್ನಬಹುದು. ಝಿಂಗನ್ ಒಬ್ಬರನ್ನೇ ನೋಡುತ್ತಾ ಕೂತಿದ್ದೆ. ಚೆಂಡು ಆ ತುದಿಯಲ್ಲಿದ್ದಾಗ ಇವರೇನು ಮಾಡುತ್ತಾರೆ? ನಿಲ್ಲುವುದೇ ಇಲ್ಲ. ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಹೆಗಲ ಮೇಲಿಂದ ತಿರುಗಿ ನೋಡುವುದು, ಪಕ್ಕದವನಿಗೆ ಕೈ ಮಾಡುವುದು, ಕೂಗುವುದು. ಟೀವಿಯಲ್ಲಿ ಇದು ಕಾಣಿಸುವುದಿಲ್ಲ, ಕ್ಯಾಮೆರಾ ಚೆಂಡಿನ ಬೆನ್ನು ಬಿದ್ದಿರುತ್ತದೆ. ಹೊಲ ಕಾಯುವವನನ್ನು ನೋಡಿದ್ದೀರಲ್ಲ, ತೊಗರಿ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು, ಹಂದಿ ಬರುವ ಮುಂಚೆಯೇ ಕೂಗು ಹಾಕುತ್ತಾನಲ್ಲ, ಹಾಗೆ. ಹಂದಿ ಬರಲಿಲ್ಲ ಅಂದರೆ ಮಾಲೀಕನಿಗೆ ಇವನು ರಾತ್ರಿಯೆಲ್ಲ ಏನು ಕಿತ್ತ ಅನ್ನುವ ಅನುಮಾನ.

ರಾತ್ರಿ ವಾಪಸ್ ಬರುವಾಗ ಜಹೀರಾಬಾದ್ ದಾಟಿ ಒಂದು ಧಾಬಾದಲ್ಲಿ ನಿಂತೆವು. ಹುಡುಗ ಆಗ ಬಾಯಿಬಿಟ್ಟ. 'ಮಾಮಾ, ಶಿಬೆನಿಕ್‌ನಾಗ ಅವ್ರು ಒಂದೂ ಮ್ಯಾಚ್ ಆಡ್ಲಿಲ್ಲ ಅಂದ್ರಿ. ಮತ್ತ ಟ್ರೇನಿಂಗಿಗೆ ದಿನಾ ಹೋಗ್ತಿದ್ರೇನು?' ನಾನು ಇಷ್ಟು ದಿನ ಯೋಚನೆಯನ್ನೇ ಮಾಡಿರಲಿಲ್ಲ ನೋಡಿ. ಪೆಟ್ಟು ವಾಸಿಯಾಗಲು ಮೊದಲು ನಡೆಯಬೇಕು, ಆಮೇಲೆ ಓಡಬೇಕು, ಬೇರೆಯವರು ಆಡುವಾಗ ಹೊರಗೆ ಒಬ್ಬನೇ ಸುತ್ತು ಹಾಕಬೇಕು, ಭಾಷೆ ಗೊತ್ತಿಲ್ಲದ ಊರಿನಲ್ಲಿ. ಹೋಗಲೇಬೇಕಲ್ಲಪಾ ಅಂದೆ. ಅವನು ಇನ್ನೊಂದು ರೋಟಿ ತರಿಸಿಕೊಂಡ.

ಈಗ ಅವನು ಕಲಬುರಗಿಯ ಎನ್‌.ವಿ. ಮೈದಾನದಲ್ಲಿ ಬೆಳಿಗ್ಗೆ ಆಡಲು ಹೋಗುತ್ತಾನೆ. ಮುಂದೆ ಆಡಬೇಕು ಅಂತ ಆಸೆ, ಆದರೆ ಹೋದ ವಾರ ಅವನನ್ನೂ ಹಿಂದೆ ನಿಲ್ಲಿಸಿದರಂತೆ. ಮೋರೆ ಉಬ್ಬಿಸಿಕೊಂಡು ಬಂದ. ಅಕ್ಕ ಅವನಿಗೆ ಚಹಾ ಕೊಟ್ಟು, 'ಹಿಂದ ನಿಂತ್ರ ಏನಾತು, ನಿಮ್ ಮಾಮಾ ನಿಂತಿಲ್ಲೇನು?' ಅಂದಳು. ಅವನು ನನ್ನ ಕಡೆ ನೋಡಿ, 'ಅದಕ್ಕ ಹೆದರಿಕಿ' ಅಂದ.

ಅವರ ಟೀಮಿನಲ್ಲಿ ಎಡಗಾಲಿನ ಬ್ಯಾಕ್ ಒಬ್ಬ ಕಡಿಮೆ ಇದ್ದಾನಂತೆ. ನಿಮ್ಮ ಮನೆಯಲ್ಲಿ ಹುಡುಗರಿದ್ದರೆ ಭಾನುವಾರ ಬೆಳಿಗ್ಗೆ ಆರಕ್ಕೆ ಕಳಿಸಿ. ಬಿಸಿಲು ಏರುವ ಮುಂಚೆ ಮುಗಿಸುತ್ತಾರೆ. ಬೂಟು ಇಲ್ಲದಿದ್ದರೂ ನಡೆಯುತ್ತದೆ, ನೀರಿನ ಬಾಟಲಿ ಮರೆಯಬೇಡಿ. ಬರ್ತೀನ್ರಿ, ನಮಸ್ಕಾರ.