ಸೈಕಲ್ ಹಾರಿಸುವ ಮಣ್ಣಿನ ದಿಬ್ಬ: ನೀರಿಗೆ ಮೊದಲು ದಾರಿ ಮಾಡಿ

ಕೇಳುಗರಿಗೆ ನಮಸ್ಕಾರ.

ಸೈಕಲ್ ಹಾರಿಸಲು ಕಟ್ಟುವ ಮಣ್ಣಿನ ದಿಬ್ಬಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಡರ್ಟ್ ಜಂಪ್ ಅಂತೀವಲ್ಲ, ಅವೇ. ಸಲಿಕೆ ಹಿಡಿದು ಕಾಯುತ್ತಿರುವ ಹುಡುಗ ಹುಡುಗಿಯರು ರೇಡಿಯೋ ಪಕ್ಕದಲ್ಲಿ ಇದ್ದೀರಿ ಅಂದುಕೊಂಡಿದ್ದೇನೆ. ಇವರ ಕೈಗೆ ಸಲಿಕೆ ಕೊಟ್ಟವರು ಯಾರಪ್ಪಾ ಅಂತ ತಲೆ ಚಚ್ಚಿಕೊಳ್ಳುತ್ತಿರುವ ಅಪ್ಪ ಅಮ್ಮಂದಿರೂ ಕೇಳಿ.

ಎಲ್ಲರೂ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ. ದಿಬ್ಬ ಎಷ್ಟು ಎತ್ತರ ಇರಬೇಕು ಸಾರ್? ನನಗೆ ಸ್ವಲ್ಪ ರೇಗುತ್ತದೆ. ಎತ್ತರದ ಮಾತು ಆಮೇಲೆ. ಮಳೆ ಬಂದರೆ ಆ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ಮೊದಲು ಹೇಳಿ. ದಿಬ್ಬವನ್ನು ಕೆಡಿಸುವುದು ಸೈಕಲ್ ಅಲ್ಲ, ನಿಂತ ನೀರು.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮೋಟೋಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕ್‌ನಲ್ಲಿ ನಡೆಯುವ ಮೋಟಾರ್ ಬೈಕ್ ರೇಸ್ ನೋಡಿ, ತಮ್ಮ ಚಿಕ್ಕ ಸೈಕಲ್‌ಗಳನ್ನೇ ಮಣ್ಣಿನಲ್ಲಿ ಓಡಿಸಲು ಶುರು ಮಾಡಿದರು. ಬಿಎಂಎಕ್ಸ್ ಅನ್ನುವ ಸೈಕಲ್ ರೇಸ್ ಹುಟ್ಟಿದ್ದು ಹಾಗೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೂ ಬಂತು. ಈಗ ದೊಡ್ಡ ರೇಸ್ ಟ್ರ್ಯಾಕ್‌ಗಳ ತಿರುವುಗಳಿಗೆ ಡಾಂಬರು ಹಾಕುತ್ತಾರೆ. ಮಳೆಗೆ ಮಣ್ಣು ಕೊಚ್ಚಿಹೋಗಬಾರದು ಅಂತ. ನಮ್ಮ ಹತ್ತಿರ ಡಾಂಬರು ಇಲ್ಲ, ಸಲಿಕೆ ಇದೆ. ಅದರಲ್ಲೇ ಆಗಬೇಕು.

ಮೊದಲು ಮಣ್ಣು. ಮೇಲಿನ ಕಪ್ಪು ಮಣ್ಣನ್ನು ಬೇರು, ಎಲೆ, ಹುಲ್ಲು ಸಮೇತ ಕೆರೆದು ಪಕ್ಕಕ್ಕೆ ಹಾಕಿ. ಅದು ದಿಬ್ಬದ ಒಳಗೆ ಹೋದರೆ ಕೊಳೆಯುತ್ತದೆ, ಒಳಗೆ ಟೊಳ್ಳಾಗುತ್ತದೆ, ದಿಬ್ಬ ಕುಸಿಯುತ್ತದೆ. ಅದರ ಕೆಳಗೆ ಸಿಗುವ ಜೇಡಿ ಬೆರೆತ ಮಣ್ಣು ಬೇಕು. ಒಂದು ಹಿಡಿ ತಗೊಂಡು ಹಿಸುಕಿ. ಉಂಡೆ ನಿಂತರೆ ಸರಿ. ಪುಡಿಯಾದರೆ ನೀರು ಚಿಮುಕಿಸಿ. ಬೆರಳ ಸಂದಿಯಿಂದ ನೀರು ಇಳಿದರೆ ಜಾಸ್ತಿ ಒದ್ದೆಯಾಗಿದೆ, ಒಣಗಲು ಬಿಡಿ. ಆ ಹದದ ಮಣ್ಣನ್ನು 15 ಸೆಂಟಿಮೀಟರ್ ಹಾಕಿ, ಚೆನ್ನಾಗಿ ತುಳಿದು ಬಡಿದು, ಅದರ ಮೇಲೆ ಇನ್ನೊಂದು ಪದರ. ಎಲ್ಲವನ್ನೂ ಒಟ್ಟಿಗೆ ಸುರಿದು ಮೇಲಿಂದ ಎರಡು ಏಟು ಹಾಕಿದರೆ ಗಟ್ಟಿಯಾಗುವುದು ಮೇಲಿನ ಸಿಪ್ಪೆ ಮಾತ್ರ.

ಒಂದು ಸಲ ಒಂದಷ್ಟು ಹುಡುಗರು ನನ್ನನ್ನು ಕರೆದರು. ಸಾರ್, ನಮ್ಮ ದಿಬ್ಬ ಪ್ರತಿ ಮಳೆಗೂ ಕುಸಿಯುತ್ತದೆ, ಮಣ್ಣೇ ಸರಿಯಿಲ್ಲ ಅಂದರು. ಹೋಗಿ ನೋಡಿದೆ. ಚಂದದ ದಿಬ್ಬ, ಸುಳ್ಳು ಹೇಳಬಾರದು. ಒಬ್ಬ ಟೇಪ್ ಹಿಡಿದು ಎತ್ತರ ತೋರಿಸಿದ್ದೇ ತೋರಿಸಿದ್ದು. ಇನ್ನೊಬ್ಬ ಸಿಮೆಂಟ್ ಸುರಿಯೋಣವಾ ಸಾರ್ ಅಂದ. ಮೂರನೆಯವನು ಪಕ್ಕದ ಹೊಲದ ಮಣ್ಣು ತರೋಣ ಅಂದ, ಹೊಲದವರನ್ನು ಕೇಳಿದ್ದಾನೋ ಇಲ್ಲವೋ ದೇವರಿಗೇ ಗೊತ್ತು. ನಾನು ಹೇಳಿದೆ, ಏನೂ ತರಬೇಡಿ, ಮಳೆ ಬಂದಾಗ ಕರೆಯಿರಿ. ಮುಖ ನೋಡಬೇಕಿತ್ತು ಅವರದ್ದು. ಇವನಿಗೆ ಏನೂ ಗೊತ್ತಿಲ್ಲ ಅನ್ನುವ ಹಾಗೆ ನೋಡಿದರು.

ಮಳೆ ಬಂತು. ಫೋನೂ ಬಂತು. ಎಲ್ಲರೂ ನೆನೆಯುತ್ತಾ ನಿಂತೆವು. ವೇಗ ಹಿಡಿಯಲು ಇಳಿಯುವ ದಾರಿ ಇದೆಯಲ್ಲ, ಅದರಲ್ಲೇ ನೀರು ಸೊಗಸಾಗಿ ಓಡಿ ಬಂದು, ಟೇಕಾಫ್, ಅಂದರೆ ಸೈಕಲ್ ಹತ್ತಿ ಹಾರುವ ಏರಿನ ಬುಡದಲ್ಲಿ ಮಡುಗಟ್ಟಿತು. ಅಲ್ಲಿಂದ ಮುಂದೆ ಹೋಗಲು ದಾರಿಯೇ ಇಲ್ಲ. ಬುಡ ನೀರು ಕುಡಿದು ಮೆತ್ತಗಾಗುತ್ತಿತ್ತು. ಇವರು ಅಷ್ಟು ದಿನ ಮೇಲೆ ಮೇಲೆ ಮಣ್ಣು ಹಾಕುತ್ತಿದ್ದರು, ರೋಗ ಇದ್ದದ್ದು ಕಾಲಿನಲ್ಲಿ! ಯಾರದೋ ತಂಗಿ, ಚಿಕ್ಕವಳು, ಸುಮ್ನೆ ಒಂದು ಕೋಲು ತಗೊಂಡು ಆ ಮಡುವಿನಿಂದ ಪಕ್ಕಕ್ಕೆ ಗೆರೆ ಎಳೆದಳು. ನೀರು ಆ ಗೆರೆ ಹಿಡಿದು ಹೊರಟೇಬಿಟ್ಟಿತು. ಟೇಪ್ ಹಿಡಿದ ಹುಡುಗ ಟೇಪ್ ಜೇಬಿಗೆ ಹಾಕಿಕೊಂಡ. ಮಳೆ ನಿಂತ ಮೇಲೆ ಆ ಗೆರೆಯನ್ನೇ ಕಾಲುವೆ ಮಾಡಿದರು. ದಿಬ್ಬಕ್ಕೆ ಒಂದು ಬುಟ್ಟಿ ಹೊಸ ಮಣ್ಣೂ ಬೇಕಾಗಲಿಲ್ಲ.

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ.

ಹೊಸಬರು ಟೇಬಲ್‌ಟಾಪ್ ಕಟ್ಟಿ. ಅಂದರೆ ಟೇಕಾಫ್‌ಗೂ, ಹಾರಿದ ಮೇಲೆ ಇಳಿಯುವ ಇಳಿಜಾರು ಲ್ಯಾಂಡಿಂಗ್‌ಗೂ ನಡುವೆ ಮಣ್ಣು ತುಂಬಿ ಸಪಾಟು ಮಾಡಿ. ಹಾರಿದ್ದು ಸಾಲದಿದ್ದರೆ ಸಪಾಟಿನ ಮೇಲೆ ಇಳಿಯುತ್ತೀರಿ, ಗುಂಡಿಗೆ ಬೀಳುವುದಿಲ್ಲ. ಲ್ಯಾಂಡಿಂಗ್ ಟೇಕಾಫ್‌ಗಿಂತ ಅಗಲ ಇರಲಿ. ನಡುವೆ ಗುಂಡಿ ಬಿಟ್ಟು ಡಬಲ್ ಕಟ್ಟುವವರು ಆ ಗುಂಡಿಯಿಂದಲೂ ನೀರು ಆಚೆ ಹೋಗಲು ಕಾಲುವೆ ತೋಡಿ. ಬಿಸಿಲಿಗೆ ಟೇಕಾಫ್‌ನ ತುದಿ ಒಣಗಿ ಉದುರುತ್ತದೆ. ಲಘುವಾಗಿ ನೀರು ಚಿಮುಕಿಸಿ, ಟಾರ್ಪಾಲು ಮುಚ್ಚಿ. ತೇಪೆ ಹಾಕುವಾಗ ಒಣ ಮಣ್ಣಿನ ಮೇಲೆ ಒಣ ಮಣ್ಣು ಎಸೆಯಬೇಡಿ, ನಿಲ್ಲುವುದಿಲ್ಲ. ಹಳೆಯ ಮೈಯನ್ನು ಕೆರೆದು ಒರಟು ಮಾಡಿ, ಒದ್ದೆ ಮಾಡಿ, ಹದದ ಮಣ್ಣು ಹಾಕಿ ಬಡಿಯಿರಿ.

ಹೆಲ್ಮೆಟ್ ಹಾಕಿ. ಜಾಗದ ಒಡೆಯರನ್ನು ಕೇಳಿ. ಇದನ್ನೂ ರೇಡಿಯೋದಲ್ಲಿ ಹೇಳಬೇಕಾ?

ಇನ್ನೊಂದೇ ಮಾತು. ಮಳೆ ನಿಂತ ಕೂಡಲೇ ಸೈಕಲ್ ಹತ್ತಬೇಡಿ. ಚಕ್ರದ ಗೆರೆ ಬೀಳುತ್ತದೆ, ಮುಂದಿನ ಮಳೆಗೆ ಆ ಗೆರೆಯಲ್ಲೇ ನೀರು ನಿಲ್ಲುತ್ತದೆ. ಹೆಬ್ಬೆರಳಲ್ಲಿ ಒತ್ತಿ ನೋಡಿ. ಗುಳಿ ಬಿದ್ದರೆ ಆ ದಿನ ಸೈಕಲ್ ಬೇಡ, ಸಲಿಕೆ ತಗೊಂಡು ಹೋಗಿ ಕಾಲುವೆಗೆ ಕಟ್ಟಿಕೊಂಡ ಎಲೆ, ಕೆಸರು ತೆಗೆಯಿರಿ. ನಮಸ್ಕಾರ.