ಜಿಲ್‌ಳ ಖಾಲಿ ಚೀಲ

ಎಲ್ಲರಿಗೂ ನಮಸ್ಕಾರ. ಆಲ್ಫ್ರೆಡ್ ಹಿಚ್‌ಕಾಕ್‌ರ ಮೂಕಿಚಿತ್ರ 'ದಿ ಪ್ಲೆಷರ್ ಗಾರ್ಡನ್' ಈಗಷ್ಟೇ ನೋಡಿದ್ದೀರಿ, ಕತೆ ಮತ್ತೆ ಹೇಳೋದಿಲ್ಲ. ಹೊರಗೆ ಕಾಫಿ ಕುಡಿಯುವಾಗ ಯಾರೋ ಅಂದರು, "ಪ್ಯಾಟ್ಸಿ ದೇವರಂಥ ಹುಡುಗಿ, ಆ ಜಿಲ್ ಮಾತ್ರ ಆಸೆಬುರುಕಿ." ಬರೆದುಕೊಂಡು ಬಂದಿದ್ದೆಲ್ಲ ಪಕ್ಕಕ್ಕಿಟ್ಟೆ. ಇವತ್ತು ಜಿಲ್ ಪರವಾಗಿ ಮಾತಾಡುತ್ತೇನೆ.

ಅವಳು ಕುಣಿಯುವ ಕೆಲಸ ಹುಡುಕಿ ಥಿಯೇಟರ್ ಬಾಗಿಲಿಗೆ ಬಂದಾಗ ಏನಾಯಿತು? ಶಿಫಾರಸು ಪತ್ರ, ದುಡ್ಡು ಎರಡೂ ಕಳವು. ಚೀಲ ಖಾಲಿ. ಅಲ್ಲೇ ಕುಣಿಯುವ ಪ್ಯಾಟ್ಸಿ ಆ ರಾತ್ರಿ ತನ್ನ ರೂಮಿಗೆ ಕರೆದುಕೊಂಡು ಹೋಗದಿದ್ದರೆ ಅವಳ ಗತಿ? ಆಮೇಲೆ ಜಿಲ್ ಆಗಿನ ಚಾರ್ಲ್‌ಸ್ಟನ್ ನೃತ್ಯ ಕುಣಿದು ತೋರಿಸುತ್ತಾಳೆ. ಮ್ಯಾನೇಜರ್ ವಾರಕ್ಕೆ 5 ಪೌಂಡ್ ಅಂದರೆ 20 ಕೇಳುತ್ತಾಳೆ. ನಾವು ಅದನ್ನು ದುರಾಸೆ ಅಂತೀವಿ. ನನಗೆ ಅದರಲ್ಲಿ ಆ ಖಾಲಿ ಚೀಲವೇ ಕಾಣುತ್ತದೆ.

ಚೀಲದ ಮಾತು ಬಂತಲ್ಲ, ಒಂದು ಸಂಗತಿ ಹೇಳಿಬಿಡುತ್ತೇನೆ. 1925. ಹಿಚ್‌ಕಾಕ್‌ಗೆ 25 ವರ್ಷ, ಇದು ಅವರು ನಿರ್ದೇಶಿಸಿ ಮುಗಿಸಿದ ಮೊದಲ ಚಿತ್ರ. ಮ್ಯೂನಿಕ್‌ನ ಎಮೆಲ್ಕಾ ಸ್ಟುಡಿಯೊದಿಂದ ಇಟಲಿಗೆ ರೈಲು ಹತ್ತಿದರು. ಕ್ಯಾಮೆರಾಮನ್ ವೆಂಟಿಮಿಲಿಯಾ ಹೇಳಿದರಂತೆ, ಚಿತ್ರೀಕರಣಕ್ಕೆ ತಂದ ಫಿಲ್ಮ್ ಇದೆ ಅಂತ ಗಡಿಯಲ್ಲಿ ಬಾಯಿ ಬಿಡಬೇಡಿ, ಸುಮ್ನೆ ಸುಂಕ ಕಟ್ಟಬೇಕಾಗುತ್ತೆ. ಸುಂಕದವರಿಗೆ ಸಿಕ್ಕಿತು, ಅಷ್ಟೂ ಜಪ್ತಿ! ಬೇರೆ ಫಿಲ್ಮ್ ಕೊಂಡರು. ಅಷ್ಟರಲ್ಲಿ ಹಳೆಯದೂ ಬಂತು, ಅದಕ್ಕೂ ಸುಂಕ ಕಟ್ಟಿ ಅಂದರು. ಸಾಲದ್ದಕ್ಕೆ ಜಿನೋವಾದಲ್ಲಿ ಹಿಚ್‌ಕಾಕ್ ಪರ್ಸೇ ಹೋಯಿತು, ಒಳಗೆ 10,000 ಲಿರಾ! ಕ್ಯಾಮೆರಾಮನ್ ಹತ್ತಿರ ಸಾಲ, ನಾಯಕನಟನ ಹತ್ತಿರ ಸಾಲ. ಪರದೆ ಮೇಲೆ ಜಿಲ್‌ಗೆ ಆಗಿದ್ದು, ಪರದೆ ಹಿಂದೆ ನಿರ್ದೇಶಕರಿಗೂ ಆಯಿತು ಅಲ್ವಾ? ನನಗಂತೂ ಇದು ಎಷ್ಟು ಸಲ ಹೇಳಿದರೂ ಸಾಲದು.

ಜಿಲ್ ತನ್ನನ್ನು ಮದುವೆಯಾಗಬೇಕಿದ್ದ ಹ್ಯೂನನ್ನು ಬಿಟ್ಟು ರಾಜಕುಮಾರನ ಹಿಂದೆ ಹೋದಳು, ನಿಜ. ಗಂಡನ ಬಳಿ ಹೋಗೋಕೆ ಪ್ಯಾಟ್ಸಿ ದುಡ್ಡು ಕೇಳಿದಾಗ ಇಲ್ಲ ಅಂದಳು. ಅದು ನನಗೂ ಚುಚ್ಚುತ್ತದೆ. ಕೊಟ್ಟಿದ್ದು ಯಾರು? ಬಾಡಿಗೆ ಮನೆಯ ಆ ವಯಸ್ಸಾದ ದಂಪತಿ. ಆದರೆ ಒಮ್ಮೆ ಚೀಲ ಕಳಕೊಂಡವಳು ಆಮೇಲೆ ಅದನ್ನು ಬಿಗಿಯಾಗಿ ಹಿಡಿಯುತ್ತಾಳೆ. ಅವಳನ್ನು ಬೈಯೋರು ಪ್ಯಾಟ್ಸಿಯ ಗಂಡ ಲೆವೆಟ್‌ನನ್ನು ಬರೀ ಕುಡುಕ ಅಂತ ಬಿಟ್ಟುಬಿಡುತ್ತಾರೆ. ಅವನು ಒಬ್ಬ ಹೆಣ್ಣನ್ನು ನೀರಲ್ಲಿ ಮುಳುಗಿಸಿ ಕೊಂದ! ಕೋಮೊ ಸರೋವರದಲ್ಲಿ ಹೆಂಡತಿ ಕೊಟ್ಟ ಗುಲಾಬಿಯನ್ನು, ಬಾಡಿತ್ತು ಅಂತ ನೀರಿಗೆಸೆದಾಗಲೇ ನಮಗೆ ಗೊತ್ತಾಗಬೇಕಿತ್ತು.

ಚೀಟಿ ಬಂತು, ಎರಡೇ ನಿಮಿಷ. ಅಲ್ಮಾ ರೆವಿಲ್ ಬಗ್ಗೆ ತುಂಬ ಹೇಳೋದಿತ್ತು. ಸಹಾಯಕ ನಿರ್ದೇಶಕಿ, ಒಂದೊಂದು ಶಾಟ್ ಆದಮೇಲೂ ಹಿಚ್‌ಕಾಕ್ ಈಕೆಯನ್ನೇ ಕೇಳುತ್ತಿದ್ದರು, ಸರಿಯಾಯಿತಾ ಅಂತ. ಹಂಚಿಕೆದಾರರು ಮೂಲೆಗಿಟ್ಟ ಚಿತ್ರ ಬ್ರಿಟನ್‌ನಲ್ಲಿ ಬಿಡುಗಡೆ ಕಂಡಿದ್ದು 1927ರಲ್ಲಿ. 2012ರ ದುರಸ್ತಿ ಆಗಿರದಿದ್ದರೆ ನಾವು ಇಷ್ಟು ಪೂರ್ತಿಯಾಗಿ ನೋಡುತ್ತಿರಲಿಲ್ಲ.

ಮೊದಲ ದೃಶ್ಯ ನೆನಪಿದೆಯಾ? ಸುರುಳಿ ಮೆಟ್ಟಿಲಿಂದ ಹುಡುಗಿಯರು ದಡದಡ ಇಳಿಯುತ್ತಾರೆ. ಮುಂದಿನ ಸಾಲಿನ ಗಂಡಸು ದುರ್ಬೀನಿನಲ್ಲಿ ಪ್ಯಾಟ್ಸಿಯನ್ನು ನೋಡುತ್ತಾನೆ. ಆಮೇಲೆ ಬಂದು, ನಿನ್ನ ಗುಂಗುರು ಕೂದಲಿಗೆ ಮರುಳಾದೆ ಅನ್ನುತ್ತಾನೆ. ಅವಳು ಆ ಕೃತಕ ಗುಂಗುರನ್ನು ಕಿತ್ತು ಅವನ ಕೈಗೇ ಇಡುತ್ತಾಳೆ. ಪ್ರೊಜೆಕ್ಟರ್ ಹತ್ತಿರ ಇರೋರು ದಯವಿಟ್ಟು ಅದನ್ನೊಂದು ಸಲ ಹಾಕಿ. ಈ ಸಲ ಅವಳ ಮುಖ ನೋಡೋಣ.