ಜಿರಾಫೆ ಕಂಬಗಳ ಆಚೆ

ಕೇಳುಗರೇ, ನಮಸ್ಕಾರ.

2010ರ ಜನವರಿ 8ರಂದು ಅಂಗೋಲಾದ ಕಬಿಂಡಾದಲ್ಲಿ ಟೋಗೋ ಫುಟ್‌ಬಾಲ್ ತಂಡದ ಬಸ್ಸಿನ ಮೇಲೆ ಗುಂಡಿನ ದಾಳಿ ನಡೆಯಿತು. ಬ್ರಿಟಿಷ್ ಪತ್ರಿಕೆಗಳು ಕೂಡಲೇ ರಾಗ ತೆಗೆದವು: ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ವಿಶ್ವಕಪ್ಪಿಗೆ ಹೋಗುವುದು ಕ್ಷೇಮವೇ? ಕಬಿಂಡಾದಿಂದ ಜೋಹಾನ್ಸ್‌ಬರ್ಗ್ ನೇರ ಗೆರೆಯಲ್ಲೇ ಸುಮಾರು 2,800 ಕಿಲೋಮೀಟರ್. ಬೆಂಗಳೂರಿಗೆ ಕಾಬೂಲ್ ಅದಕ್ಕಿಂತ ಹತ್ತಿರ. ಕಾಬೂಲಿನಲ್ಲಿ ಗುಂಡು ಹಾರಿತೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯ ನಿಲ್ಲಿಸಿ ಎಂದವರನ್ನು ನಾವು ಏನನ್ನುತ್ತೇವೆ?

ಹೊರಗಿನವರನ್ನಷ್ಟೇ ದೂರಿ ಫಲವಿಲ್ಲ. ಕ್ರೂಗರ್ ಅಭಯಾರಣ್ಯಕ್ಕೆ ಹೋಗುವ ದಾರಿಯ ನೆಲ್‌ಸ್ಪ್ರೈಟ್‌ನಲ್ಲಿ ದಕ್ಷಿಣ ಆಫ್ರಿಕಾದವರೇ ವಿಶ್ವಕಪ್ಪಿಗೆಂದು ಎಂಬೊಂಬೆಲಾ ಕ್ರೀಡಾಂಗಣ ಕಟ್ಟಿದರು. ಚಾವಣಿ ಹೊತ್ತ 18 ಕಂಬಗಳಿಗೆ ಜಿರಾಫೆಯ ರೂಪ, ಆಸನಗಳಿಗೆ ಜೀಬ್ರಾ ಪಟ್ಟೆ. ಕ್ಯಾಮೆರಾ ಬಯಸುವ ಆಫ್ರಿಕಾವನ್ನು ಉಕ್ಕಿನಲ್ಲೇ ಎರಕ ಹೊಯ್ದಂತೆ. ಅಲ್ಲಿದ್ದ ಎರಡು ಶಾಲೆಗಳ ಮಕ್ಕಳನ್ನು ತಾತ್ಕಾಲಿಕ ಕೊಠಡಿಗಳಿಗೆ ಸಾಗಹಾಕಲಾಯಿತು. ಒಳಗೆ ಕೂರಲಾಗದ ಸೆಕೆ. ಮಕ್ಕಳು ಬೀದಿಗಿಳಿದರು. ವಿಶ್ವಕಪ್ಪಿನಲ್ಲಿ ಆ ಮೈದಾನ ಕಂಡದ್ದು ಗುಂಪು ಹಂತದ ನಾಲ್ಕೇ ಪಂದ್ಯ.

ಟಿಕೆಟಿನ ಕಥೆ ಇನ್ನೊಂದು. ಸ್ಥಳೀಯರಿಗೆಂದೇ 140 ರ‍್ಯಾಂಡಿನ ನಾಲ್ಕನೇ ದರ್ಜೆ ಇತ್ತು, ಸರಿ. ಆದರೆ ಮೊದಮೊದಲು ಅರ್ಜಿ ಹಾಕಬೇಕಾದದ್ದು ಇಂಟರ್ನೆಟ್ಟಿನಲ್ಲಿ ಇಲ್ಲವೇ ಬ್ಯಾಂಕಿನಲ್ಲಿ. ಆಮೇಲೆ ಚೀಟಿ ಎತ್ತುವವರೆಗೆ ಕಾಯಬೇಕು. ಅಲ್ಲಿನ ಅಭಿಮಾನಿ ಪಂದ್ಯದ ದಿನ ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋಗಿ ರೂಢಿಯಾದವನು. ಏಪ್ರಿಲ್ 15ರಂದು ಕೌಂಟರು ತೆರೆದಾಗ ರಾತ್ರಿಯಿಂದಲೇ ಸಾಲು. ಅವತ್ತೇ ಕಂಪ್ಯೂಟರು ಕೈಕೊಟ್ಟಿತು.

ಕ್ರೀಡಾಂಗಣಗಳ ಸುತ್ತ ನಿರ್ಬಂಧಿತ ವಲಯ. ಪರವಾನಗಿ ಇಲ್ಲದೆ ಅದರೊಳಗೆ ಏನನ್ನೂ ಮಾರುವಂತಿಲ್ಲ. ಪಂದ್ಯದ ದಿನ ಗೇಟಿನ ಹೊರಗೆ ಸುಟ್ಟ ಮಾಂಸ, ಮೆಕ್ಕೆಜೋಳದ ಮುದ್ದೆ ಮಾರುತ್ತಿದ್ದ ಹೆಂಗಸರಿಗೆ ಸುಗ್ಗಿಯಾಗಬೇಕಿದ್ದ ತಿಂಗಳು ಹಾಗೇ ಹೋಯಿತು.

ಡರ್ಬನ್ನಿನಲ್ಲಿ ಮಾತ್ರ ಲೆಕ್ಕ ತಪ್ಪಿತು. 1910ರಿಂದ ನಡೆಯುತ್ತಿರುವ ವಾರಿಕ್ ಬೆಳಗಿನ ಮಾರುಕಟ್ಟೆಯನ್ನು ಕೆಡವಿ ವಿಶ್ವಕಪ್ಪಿನ ಹೊತ್ತಿಗೆ ಮಾಲ್ ಎಬ್ಬಿಸಲು 2009ರಲ್ಲಿ ನಗರಾಡಳಿತ ಹೊರಟಿತು. ಅಲ್ಲಿ ಜುಲು ವ್ಯಾಪಾರಿಗಳ ಜೊತೆಗೆ, ಗಿರಮಿಟ್ ಕೂಲಿಗಳಾಗಿ, ಅಂದರೆ ಕರಾರಿನ ಮೇಲೆ ದುಡಿಯಲು, ಹೋದ ಭಾರತೀಯರ ಮೊಮ್ಮಕ್ಕಳೂ ಕೂರುತ್ತಾರೆ. ಬೀದಿಯಲ್ಲಿ ಪೆಟ್ಟು ತಿಂದರು, ಕೋರ್ಟು ಹತ್ತಿದರು, ಜಗ್ಗಲಿಲ್ಲ. 2011ರಲ್ಲಿ ನಗರಾಡಳಿತ ತನ್ನ ನಿರ್ಧಾರ ಹಿಂತೆಗೆದುಕೊಂಡಿತು. ಸೊಪ್ಪು, ಟೊಮೆಟೊ, ಜೀವಂತ ಕೋಳಿಗಳ ವ್ಯಾಪಾರ ಅಲ್ಲೇ ನಡೆದಿದೆ.

ನಮಸ್ಕಾರ.